ಅಪ್ಪನ ಚಟ್ನಿ ಅಂಗಡಿ, ಮಗಳ ಇನ್‌ಕ್ಯುಬೇಟರ್ ಅರ್ಜಿ

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ವಯಸ್ಸು 27. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ನೌಕರಿ ಮಾಡಿ, ಈಗ ಮನೆಗೆ ಮರಳಿದ್ದೇನೆ. ಅಪ್ಪ ಮತ್ತು ಕಾಕಾ 1994ರಿಂದ ಖಾರದ ಪುಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಅಂಗಡಿ ಅಪ್ಪನ ಹೆಸರಿನಲ್ಲಿದೆ. ಲಾಭ ಇಬ್ಬರದೂ, ಕಾಗದ ಏನೂ ಇಲ್ಲ. ವರ್ಷದ ವಹಿವಾಟು 60 ಲಕ್ಷದ ಆಸುಪಾಸು. ಅದರಲ್ಲಿ ಶೇಂಗಾ ಚಟ್ನಿ ತಿಂಗಳಿಗೆ 500 ಕಿಲೋ ಹೋಗುತ್ತದೆ. ಕಿಲೋಗೆ 210 ಖರ್ಚು, 280ಕ್ಕೆ ಮಾರಾಟ. ಹುಬ್ಬಳ್ಳಿಯ ದೊಡ್ಡ ಅಂಗಡಿಗಳಿಗೆ ಕೊಟ್ಟ ಮಾಲಿನಲ್ಲಿ ನೂರಕ್ಕೆ ಏಳು ಪಾಕೀಟು ವಾಸನೆ ಬಂದು ವಾಪಸ್ ಬರುತ್ತವೆ. ಹೊಸ ಉದ್ಯಮಗಳನ್ನು ಬೆಳೆಸುವ ಒಂದು ಇನ್‌ಕ್ಯುಬೇಟರ್ ಕೇಂದ್ರದಲ್ಲಿ ವಿಚಾರಿಸಿದರೆ "ಇದರಲ್ಲಿ ಇನ್ನೋವೇಷನ್ ಏನು?" ಎಂದರು. ಅಪ್ಪನಿಗೆ ಹೇಳಿದರೆ "ಅವರು ನಮ್ಮ ಧಂದೆದಾಗ ಪಾಲು ಕೇಳ್ತಾರ, ಕಡೀಕ ನುಂಗಿ ನೀರು ಕುಡೀತಾರ" ಅನ್ನುತ್ತಾರೆ. ನಮ್ಮಂಥವರನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆಯೇ? ಪಾಲು ಕೇಳುವುದು ನಿಜವೇ? ಕಾಕಾಗೆ ಇನ್ನೂ ವಿಷಯ ತಿಳಿಸಿಲ್ಲ; ಹೇಳದೇ ಅರ್ಜಿ ಹಾಕಿ, ಆಯ್ಕೆಯಾದ ಮೇಲೆ ಹೇಳಿದರೆ ನಡೆಯುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ನಡೆಯುವುದಿಲ್ಲ, ಹಾಗೆ ಮಾಡಬೇಡಿ. ನೀತಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸುಟ್ಟುಕೊಂಡ ಕೈ ತೋರಿಸುತ್ತಿದ್ದೇನೆ.

ನಾನೂ ಗದಗಿನವನು. ನಮ್ಮದು ಮುದ್ರಣದ ಮನೆ. ಒಂದು ಟ್ರೆಡಲ್ ಮಷಿನ್, ಅಚ್ಚುಮೊಳೆ ಜೋಡಿಸುವ ನಾಲ್ಕು ಜನ, ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ರಸೀದಿ ಪುಸ್ತಕ. ಇಷ್ಟರ ಮೇಲೆ ಎರಡು ಸಂಸಾರ ನಡೆಯುತ್ತಿದ್ದವು. ಆಫ್‌ಸೆಟ್ ಬಂದ ಕಾಲಕ್ಕೆ ನಮ್ಮಣ್ಣ ದೊಡ್ಡಪ್ಪನಿಗೆ ತಿಳಿಸದೆ ಸಾಲ ಮಂಜೂರು ಮಾಡಿಸಿಕೊಂಡು ಬಂದ. ಮಷಿನ್ ಒಳ್ಳೆಯದಿತ್ತು, ಅಣ್ಣನ ಲೆಕ್ಕವೂ ಸರಿಯಿತ್ತು. ಸಹಿ ಹಾಕಬೇಕಾದ ದಿನ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಈ ಅಂಗಡ್ಯಾಗ ನಾ ಯಾರು?" ಅದಕ್ಕೆ ಉತ್ತರ ಯಾವ ಕಾಗದದಲ್ಲೂ ಇರಲಿಲ್ಲ. ಆರು ತಿಂಗಳಲ್ಲಿ ಒಲೆ ಎರಡಾದವು. ಮೊಳೆಗಳನ್ನು ತೂಕಕ್ಕೆ ಹಾಕಿ ಮಾರಿದೆವು.

"ಲಾಭ ಇಬ್ಬರದೂ, ಕಾಗದ ಏನೂ ಇಲ್ಲ" ಎಂದು ನೀವು ಒಂದೇ ಉಸಿರಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಕಾಗದದ ಮಟ್ಟಿಗೆ ಇವತ್ತು ನಿಮ್ಮ ಕಾಕಾ ಅಂಗಡಿಯಲ್ಲಿ ಯಾರೂ ಅಲ್ಲ. ಜಿಎಸ್‌ಟಿ, ಬ್ಯಾಂಕ್ ಖಾತೆ, ಆಹಾರ ಲೈಸೆನ್ಸ್ ಎಲ್ಲ ಅಪ್ಪನ ಒಬ್ಬರ ಹೆಸರಿನಲ್ಲಿದ್ದರೆ ಅದು ಏಕಮಾಲೀಕರ ಅಂಗಡಿ. ಮೂವತ್ತು ವರ್ಷ ಬೆಳಗಿನ ಆರಕ್ಕೆ ಬಂದು ಶಟರ್ ಎತ್ತಿದವರು ಅವರೇ ಇರಬಹುದು, ಆದರೂ. ಇದಕ್ಕೆ ಮದ್ದು ಏನೆಂದು ಮುಂದೆ ಹೇಳುತ್ತೇನೆ, ಯಾಕೆಂದರೆ ಅದು ಇನ್‌ಕ್ಯುಬೇಟರ್ ಪ್ರಶ್ನೆಗೂ ಗಂಟು ಬಿದ್ದಿದೆ.

ಇನ್‌ಕ್ಯುಬೇಟರ್ ಅಂದರೆ ಕಾವು ಕೊಡುವ ಪೆಟ್ಟಿಗೆ. ಮೊಟ್ಟೆ ಇಟ್ಟರೆ ಮರಿಯಾಗುತ್ತದೆ. ನಿಮ್ಮಪ್ಪನ ಅಂಗಡಿ ಮೂವತ್ತು ವರ್ಷದ ಕೋಳಿ. ಅದನ್ನು ಪೆಟ್ಟಿಗೆಯೊಳಗೆ ತುರುಕಲು ಹೋದರೆ ಕೋಳಿಗೂ ಸಂಕಟ, ಪೆಟ್ಟಿಗೆಗೂ ಸಂಕಟ. (ಶೇಂಗಾ ಚಟ್ನಿ ಮಾಡುವ ಮನೆಗೆ ಕೋಳಿಯ ಉಪಮೆ ಕೊಟ್ಟದ್ದಕ್ಕೆ ನಿಮ್ಮವ್ವ ಕ್ಷಮಿಸಲಿ.) ಒಯ್ಯಬೇಕಾದದ್ದು ಆ ಕೋಳಿ ಇಟ್ಟ ಒಂದು ಮೊಟ್ಟೆಯನ್ನು. ಅಂದರೆ, ಅಂಗಡಿಯೊಳಗಿನ ಯಾವ ಒಂದು ತೊಡಕು ಬಿಡಿಸಿದರೆ ಹೊಸದೊಂದು ಹುಟ್ಟುತ್ತದೋ ಆ ಒಂದನ್ನು ಮಾತ್ರ. "ಇನ್ನೋವೇಷನ್ ಏನು?" ಎಂದು ಅವರು ಕೇಳಿದ್ದಕ್ಕೆ ನಿಮಗೆ ಸಿಟ್ಟು ಬಂದಿದೆ, ಪತ್ರದಲ್ಲೇ ಕಾಣುತ್ತದೆ. ಪ್ರಶ್ನೆ ಕೇಳಿದ ರೀತಿ ಒರಟು ಇರಬಹುದು, ಪ್ರಶ್ನೆ ತಪ್ಪಲ್ಲ. ನೀವು ಇಡೀ ಅಂಗಡಿಯನ್ನು ಮುಂದಿಟ್ಟಿದ್ದೀರಿ. ಅಂಗಡಿಯಲ್ಲಿ ಹೊಸತೇನೂ ಇಲ್ಲ, ಇರಬೇಕಾಗಿಯೂ ಇಲ್ಲ.

ನಿಯಮಗಳೂ ಹಾಗೆಯೇ ಇವೆ. 2016ರ ಜನವರಿ 16ರಂದು ಶುರುವಾದ ಕೇಂದ್ರ ಸರ್ಕಾರದ ಸ್ಟಾರ್ಟ್‌ಅಪ್ ಇಂಡಿಯಾದಡಿ ಮಾನ್ಯತೆ ಬೇಕೆಂದರೆ ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಇಲ್ಲವೇ ನೋಂದಾಯಿತ ಪಾಲುದಾರಿಕೆ ಸಂಸ್ಥೆಯ ಥರದ್ದಾಗಿರಬೇಕು. ಏಕಮಾಲೀಕರ ಅಂಗಡಿಗೆ ಆ ಮಾನ್ಯತೆ ಇಲ್ಲ. ಇನ್ನೂ ಒಂದು ಕೊಂಡಿ ಇದೆ: ಇರುವ ವ್ಯಾಪಾರವನ್ನು ಒಡೆದೋ, ಮರುಜೋಡಿಸಿಯೋ ಮಾಡಿದ ಸಂಸ್ಥೆಯೂ ಆಗಿರಬಾರದು. ಹಾಗಾಗಿ ಅಪ್ಪನ ಅಂಗಡಿಗೇ "ಪ್ರೈವೇಟ್ ಲಿಮಿಟೆಡ್" ಎಂದು ಬೋರ್ಡು ಬದಲಿಸಿ ಅರ್ಜಿ ಹಾಕಿದರೆ ಅದು ಅಲ್ಲೇ ಬಿದ್ದಿರುತ್ತದೆ. ಹೀಗೆ ಬೋರ್ಡು ಬದಲಿಸಿ, ಲೆಕ್ಕಪರಿಶೋಧಕರ ಶುಲ್ಕ ಕಟ್ಟಿ, ಮಾನ್ಯತೆ ಸಿಗದೆ ಕೂತವರನ್ನು ನಮ್ಮ ಕಡೆಯೇ ನಾಲ್ಕೈದು ಮಂದಿಯನ್ನು ನೋಡಿದ್ದೇನೆ.

ಹಾಗಾದರೆ ನಿಮ್ಮ ಮೊಟ್ಟೆ ಯಾವುದು? ಅದನ್ನು ನೀವೇ ಬರೆದಿದ್ದೀರಿ, ಗಮನಿಸಿಲ್ಲ. ಲೆಕ್ಕ ಮಾಡೋಣ.

ಕಿಲೋಗೆ 210 ಖರ್ಚು, 280 ಮಾರಾಟ, 70 ಲಾಭ ಅನ್ನುತ್ತೀರಿ. ಈ 210ರಲ್ಲಿ ಶೇಂಗಾ, ಖಾರ, ಬೆಳ್ಳುಳ್ಳಿ, ಉಪ್ಪು, ಕರೆಂಟು, ಪಾಕೀಟು, ಕೂಲಿಯವರ ಪಗಾರ ಇರಬಹುದು. ನಿಮ್ಮವ್ವ, ಚಿಗವ್ವ ಇದ್ದಾರೆಯೇ? ಇರಲಿಕ್ಕಿಲ್ಲ. ಮನೆಯ ಹೆಂಗಸರ ದುಡಿಮೆಯನ್ನು ನಮ್ಮ ಕಡೆ ಯಾವ ಕಿರ್ದಿ ಪುಸ್ತಕದಲ್ಲೂ ನಾನು ಕಂಡಿಲ್ಲ. ಇಬ್ಬರೂ ದಿನಕ್ಕೆ ನಾಲ್ಕು ನಾಲ್ಕು ತಾಸು ಹುರಿಯುವುದು, ಆರಿಸುವುದು ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಅಲ್ಲಿಗೆ ಒಂದಾಳಿನ ದಿನಗೂಲಿ, 400 ರೂಪಾಯಿ ಹಿಡಿಯೋಣ. ತಿಂಗಳಿಗೆ 25 ದಿನದ ಕೆಲಸವೆಂದರೆ ದಿನಕ್ಕೆ 20 ಕಿಲೋ ಮಾಲು. ಕಿಲೋಗೆ 20 ರೂಪಾಯಿ ಅಲ್ಲೇ ಹೋಯಿತು. ಜಾಗ ಸ್ವಂತದ್ದು ಎಂದು ಬಾಡಿಗೆ ಹಿಡಿದಿರುವುದಿಲ್ಲ. ಬೇರೆಯವರಿಗೆ ಕೊಟ್ಟರೆ 6,000 ಬರುವಂತಿದ್ದರೆ ಕಿಲೋಗೆ 12. ಎಲ್ಲ ಮಾಲೂ ಹುಬ್ಬಳ್ಳಿಯ ದೊಡ್ಡ ಅಂಗಡಿಗಳಿಗೇ ಹೋಗುತ್ತದೆ ಎಂದು ಹಿಡಿದರೆ, ನೂರಕ್ಕೆ ಏಳು ವಾಪಸ್ ಅಂದರೆ 280ರ ಮೇಲೆ ಹತ್ತಿರ ಹತ್ತಿರ 20. ಒಟ್ಟು 52. ಉಳಿದದ್ದು ಕಿಲೋಗೆ 18, ತಿಂಗಳಿಗೆ 9,000 ರೂಪಾಯಿ. ಇಷ್ಟರಲ್ಲಿ ಅಪ್ಪ ಮತ್ತು ಕಾಕಾ ಅವರ ಸಂಬಳ ಇನ್ನೂ ಹಿಡಿದಿಲ್ಲ.

ಕೂಲಿ, ಬಾಡಿಗೆಯ ಅಂಕಿಗಳು ನನ್ನವು, ನಿಮ್ಮವನ್ನು ಹಾಕಿ ನೋಡಿ. ಅಂಗಡಿಯ ಗಲ್ಲೆಯಿಂದ ಕಾಯಿಪಲ್ಲೆಗೆಂದು 200, ಮೊಬೈಲ್ ರೀಚಾರ್ಜಿಗೆಂದು 300 ತೆಗೆಯುತ್ತಾರಲ್ಲ, ಅದನ್ನೂ ಎರಡು ತಿಂಗಳು ಬರೆದಿಡಿ. ತೆಗೆಯಬೇಡಿ ಎಂದು ಮಾತ್ರ ಹೇಳಬೇಡಿ. ಹೇಳಿದ ದಿನದಿಂದ ಬರೆಯುವುದನ್ನೂ ಬಿಡುತ್ತಾರೆ. ಗಲ್ಲೆಯ ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿ, ಪೆನ್ನಿಗೆ ದಾರ ಕಟ್ಟಿ. ಅಷ್ಟು ಸಾಕು.

ಈಗ ಆ 20 ರೂಪಾಯಿಯನ್ನು ನೋಡಿ. ವಾಪಸ್ ಬರುವ ಪಾಕೀಟಿನಿಂದ ತಿಂಗಳಿಗೆ 10,000 ಸೋರುತ್ತಿದೆ, ನಿಮ್ಮ ಉಳಿಕೆಗಿಂತ ಹೆಚ್ಚು. ಚಟ್ನಿ ಕಮಟಾಗುವುದೇ ನಿಮ್ಮ ಮೊಟ್ಟೆ.

ಇದು ಯಾಕೆ ಆಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅರ್ಜಿಯಲ್ಲಿ ನೀವು ಬರೆಯಬೇಕಾದದ್ದು ಇದೇ. ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆ. ನಮ್ಮ ಕಡೆಯ ಚಟ್ನಿಯ ರುಚಿ ಇರುವುದೇ ಎಣ್ಣೆ ಬಿಡುವ ತನಕ ಕುಟ್ಟುವುದರಲ್ಲಿ. ಇಡೀ ಕಾಳಿನಲ್ಲಿ ಆ ಎಣ್ಣೆ ಒಳಗೆ ಭದ್ರವಾಗಿರುತ್ತದೆ. ಕುಟ್ಟಿದ ಕೂಡಲೇ ಪ್ರತಿ ಕಣದ ಮೈಗೂ ಬಂದು ಗಾಳಿಗೆ ಒಡ್ಡಿಕೊಳ್ಳುತ್ತದೆ. ಗಾಳಿಯ ಆಮ್ಲಜನಕ, ಬೆಳಕು, ಬಿಸಿ ಮೂರೂ ಸೇರಿ ಎಣ್ಣೆಯನ್ನು ಕೆಡಿಸುತ್ತವೆ. ರುಚಿ ಕೊಟ್ಟದ್ದೇ ವಾಸನೆಯನ್ನೂ ಕೊಡುತ್ತದೆ. ನೀವು ತುಂಬುವುದು ಸಾದಾ ಪಾಲಿಥಿನ್ ಪಾಕೀಟು ಎಂದು ಊಹಿಸುತ್ತೇನೆ. ಅದು ನೀರಿನ ಪಸೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದಿಲ್ಲ. ಬೆಳಕಂತೂ ಸೀದಾ ಒಳಗೆ ಬರುತ್ತದೆ. ಅಂಗಡಿಯವರು ಅದನ್ನು ಟ್ಯೂಬ್‌ಲೈಟ್ ಕೆಳಗೆ ಮುಂದಿನ ಸಾಲಿನಲ್ಲೇ ಇಡುತ್ತಾರೆ, ಕೆಂಪು ಬಣ್ಣ ಚೆಂದ ಕಾಣಲಿ ಎಂದು.

ಪರಿಹಾರಗಳು ಅಪರೂಪದವೇನಲ್ಲ. ಅಲ್ಯೂಮಿನಿಯಂ ಹಾಳೆ ಇರುವ ಪದರದ ಪೌಚ್, ತುಂಬುವಾಗ ಗಾಳಿ ತೆಗೆದು ನೈಟ್ರೋಜನ್ ಬಿಡುವುದು, ಬೆಳ್ಳುಳ್ಳಿಯ ಪಸೆ ಕಡಿಮೆ ಮಾಡುವುದು, ಪುಡಿ ಪೂರ್ತಿ ಆರುವ ಮುಂಚೆ ಪಾಕೀಟು ಮುಚ್ಚದಿರುವುದು. ಆದರೆ ಇವುಗಳಲ್ಲಿ ಯಾವುದು, ಎಷ್ಟು ಮಾಡಿದರೆ ನಿಮ್ಮ ಚಟ್ನಿ ನಾಲ್ಕು ತಿಂಗಳು ನಿಲ್ಲುತ್ತದೆ, ರುಚಿಯೂ ಹೋಗುವುದಿಲ್ಲ ಎನ್ನುವುದನ್ನು ಯಾರೂ ಬಾಯಲ್ಲಿ ಹೇಳಲಾರರು. ಪ್ರಯೋಗ ಮಾಡಿಯೇ ಕಾಣಬೇಕು: ಬಿಸಿ ಪೆಟ್ಟಿಗೆಯಲ್ಲಿ ಪಾಕೀಟು ಇಟ್ಟು ವಾರಕ್ಕೊಮ್ಮೆ ತೆಗೆದು ಪೆರಾಕ್ಸೈಡ್ ಮೌಲ್ಯ (ಎಣ್ಣೆ ಎಷ್ಟು ಕೆಟ್ಟಿದೆ ಎಂಬುದರ ಅಳತೆ) ನೋಡುವುದು, ಜೊತೆಗೆ ತಿಂದು ನೋಡುವುದು. ಇದಕ್ಕೆ ಪ್ರಯೋಗಾಲಯ ಬೇಕು, ತಿಳಿದವರು ಬೇಕು, ಕೆಟ್ಟು ಹೋದ ಮಾಲಿಗೆ ದುಡ್ಡು ಬೇಕು. ಅಪ್ಪನ ಅಂಗಡಿ ಈ ಮೂರನ್ನೂ ಹೊರಲಾರದು. ಇನ್‌ಕ್ಯುಬೇಟರ್ ಇರುವುದೇ ಇದಕ್ಕೆ.

ಇನ್ನೊಂದು ಮಾತು. ಶೇಂಗಾ ಎಷ್ಟು ಹುರಿದರೆ ಸಾಕು ಎಂದು ನಿಮ್ಮ ಮನೆಯಲ್ಲಿ ಯಾರು ಹೇಳುತ್ತಾರೆ? ಚಿಗವ್ವ ಮೂಸಿ ನೋಡಿ "ಸಾಕು, ಇಳಸ್ರಿ" ಅನ್ನುತ್ತಿರಬೇಕು. ಅವರಿಗೆ ಜ್ವರ ಬಂದ ವಾರದ ಮಾಲು ಬೇರೆ ಇರುತ್ತದೆ. ಒಂದು ತಿಂಗಳು ಅವರ ಪಕ್ಕದಲ್ಲಿ ಥರ್ಮಾಮೀಟರ್, ಗಡಿಯಾರ ಹಿಡಿದು ನಿಲ್ಲಿ. ಅವರು "ಇಳಸ್ರಿ" ಅಂದಾಗ ಎಷ್ಟು ಬಿಸಿ, ಎಷ್ಟು ನಿಮಿಷ, ಯಾವ ಊರಿನ ಶೇಂಗಾ, ಬರೆಯಿರಿ. ನಿಮ್ಮ ಎಂಜಿನಿಯರಿಂಗ್ ಪದವಿ ಮೊದಲ ಸಲ ಮನೆಗೆ ಉಪಯೋಗಕ್ಕೆ ಬರುವುದು ಅಲ್ಲಿ. ಆಯ್ಕೆ ಸಮಿತಿಯ ಮುಂದೆ ಹದಿನೈದು ಸ್ಲೈಡುಗಿಂತ ಆ ನೋಟ್‌ಬುಕ್ ಹೆಚ್ಚು ಮಾತಾಡುತ್ತದೆ. ಇದನ್ನು ಸಮಿತಿಯಲ್ಲಿ ಕೂತವನಾಗಿಯೇ ಹೇಳುತ್ತಿದ್ದೇನೆ.

ಯಾರ ಬಾಗಿಲು ತಟ್ಟಬೇಕು? ನಮ್ಮ ಭಾಗದ ಪುಣ್ಯ, ಐವತ್ತು ಮೈಲಿಯ ಆಸುಪಾಸಿನಲ್ಲಿ ಸಾಕಷ್ಟು ಬಾಗಿಲುಗಳಿವೆ. ಕಷ್ಟ ಏನೆಂದರೆ ಎಲ್ಲದಕ್ಕೂ "ಉದ್ಯಮ ಪ್ರೋತ್ಸಾಹ" ಎಂದೇ ಬೋರ್ಡು. ನಿಮ್ಮ ತೊಡಕಿಗೆ ಮೊದಲ ಬಾಗಿಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಅಲ್ಲಿ ಕೃಷಿಕ್ ಹೆಸರಿನ ಅಗ್ರಿ-ಬಿಸಿನೆಸ್ ಇನ್‌ಕ್ಯುಬೇಟರ್ ಇದೆ, ಅದೇ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಆಹಾರ ವಿಜ್ಞಾನದವರಿದ್ದಾರೆ. ಕೇಂದ್ರದ ಆರ್‌ಕೆವಿವೈ-ರಫ್ತಾರ್ ಎಂಬ ಕೃಷಿ ಯೋಜನೆಯಡಿ ಇಂಥ ಕಡೆ ಎರಡು ತಿಂಗಳ ತರಬೇತಿ, ಐಡಿಯಾ ಹಂತಕ್ಕೆ 5 ಲಕ್ಷದವರೆಗೆ, ಮುಂದಿನ ಹಂತಕ್ಕೆ 25 ಲಕ್ಷದವರೆಗೆ ಅನುದಾನದ ವ್ಯವಸ್ಥೆ ಬಂತು. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟ್‌ಅಪ್ಸ್ 2018ರಿಂದ ದೊಡ್ಡ ಕಟ್ಟಡದಲ್ಲಿ ನಡೆಯುತ್ತಿದೆ. ಮಾರುಕಟ್ಟೆ, ಹೂಡಿಕೆದಾರರ ಸಂಪರ್ಕ, ಕಂಪನಿ ಕಟ್ಟುವ ಶಿಸ್ತು ಬೇಕಾದಾಗ ಅಂಥ ಜಾಗ. ದೇಶಪಾಂಡೆ ಫೌಂಡೇಶನ್ನಿನ ನವೋದ್ಯಮಿ ಕಾರ್ಯಕ್ರಮ ಸಣ್ಣ ಮನೆ ಉದ್ಯಮದವರಿಗೆಂದೇ ಇದೆ, ರೊಟ್ಟಿ-ಚಟ್ನಿಯವರು ಅಲ್ಲಿ ಪರಕೀಯರಲ್ಲ. ತುಂಬುವ ಮಷಿನ್ನನ್ನೇ ಹೊಸದಾಗಿ ಮಾಡುವ ಯೋಚನೆ ಬಂದರೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದವರನ್ನು ಕಾಣಿ. ಲೆಕ್ಕ, ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದನ್ನು ಕನ್ನಡದಲ್ಲಿ ಕಲಿಯಬೇಕೆಂದರೆ ಧಾರವಾಡದಲ್ಲೇ ಕೇಂದ್ರ ಕಚೇರಿ ಇರುವ ಸಿಡಾಕ್ (ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ). ತಮ್ಮ ಊರಿನಲ್ಲೇ ಇದೆ ಎಂಬ ಕಾರಣಕ್ಕೋ ಏನೋ, ಧಾರವಾಡದವರೇ ಅದನ್ನು ಮರೆತಿರುತ್ತಾರೆ.

ಇನ್ನು ಅಪ್ಪನ ಅಂಗಡಿಗೆ. ಕೋಳಿಗೂ ಕಾಳು ಬೇಕಲ್ಲ. ಅದಕ್ಕೆ ಇನ್‌ಕ್ಯುಬೇಟರ್ ಬೇಡ, ಪಿಎಂಎಫ್‌ಎಂಇ ಬೇಕು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆ ಯೋಜನೆ ಅದು. ಹಳೆಯ ಅಂಗಡಿಯಾದರೂ ಸರಿ, ಏಕಮಾಲೀಕರದ್ದಾದರೂ ಸರಿ. ಬ್ಯಾಂಕ್ ಸಾಲ ಪಡೆದು ಮಾಡುವ ಕೆಲಸದ ಅರ್ಹ ವೆಚ್ಚಕ್ಕೆ ಕೇಂದ್ರದಿಂದ ಶೇ. 35 ಸಹಾಯಧನ, ಕರ್ನಾಟಕ ಸರ್ಕಾರ ಅದಕ್ಕೆ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ. ನಿಮ್ಮ ಕೈಯಿಂದ ಕನಿಷ್ಠ ಶೇ. 10 ಹಾಕಬೇಕು. ಸಹಾಯಧನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಕೂತು, ಕಂತು ಸರಿಯಾಗಿ ಕಟ್ಟಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಗಂಡ, ಹೆಂಡತಿ, ಮಕ್ಕಳು ಸೇರಿದ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಇದು ಸಿಗುತ್ತದೆ. ಅಂದರೆ ಅಪ್ಪ ತೆಗೆದುಕೊಂಡರೆ ನೀವು ತೆಗೆದುಕೊಳ್ಳುವಂತಿಲ್ಲ. ಯಾರ ಹೆಸರಿನಲ್ಲಿ ಹಾಕಬೇಕು ಎಂದು ಮೊದಲೇ ಕೂತು ಮಾತಾಡಿ. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂದು ಒಬ್ಬರಿರುತ್ತಾರೆ, ಅರ್ಜಿ ಬರೆಸಿಕೊಡುವುದು ಅವರ ಕೆಲಸ. ಯೋಜನೆಗಳ ಅವಧಿ, ಮೊತ್ತ ಬದಲಾಗುತ್ತಿರುತ್ತವೆ; ಅರ್ಜಿಗೆ ಮುನ್ನ ಅವರಿಗೆ ಒಂದು ಫೋನ್ ಮಾಡಿ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂಬ ಸರ್ಕಾರಿ ನೋಂದಣಿ, ಆಗಿದೆಯೇ? ಆಗಿಲ್ಲದಿದ್ದರೆ ಇವತ್ತೇ ಮಾಡಿ. ಒಂದು ರೂಪಾಯಿ ಶುಲ್ಕವಿಲ್ಲ, ಸೈಬರ್ ಸೆಂಟರಿನಲ್ಲಿ 1,500 ಕೊಟ್ಟು ಬರಬೇಡಿ. ಹುಬ್ಬಳ್ಳಿಯ ದೊಡ್ಡ ಅಂಗಡಿಗಳು ಉದ್ರಿ ತೀರಿಸಲು ಎರಡು-ಮೂರು ತಿಂಗಳು ಎಳೆಯುತ್ತಿದ್ದರೆ, 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ನಿಮ್ಮ ಬೆನ್ನಿಗಿದೆ: ಕರಾರು ಇದ್ದರೂ 45 ದಿನ ಮೀರುವಂತಿಲ್ಲ, ಕರಾರು ಇಲ್ಲದಿದ್ದರೆ 15 ದಿನ. ಬಿಲ್ಲಿನ ತಲೆಯ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿದರೆ, ಬಾಯಿ ಬಿಟ್ಟು ಕೇಳದೆಯೂ ಕೆಲವರು ಬೇಗ ಕೊಡುತ್ತಾರೆ.

ಈಗ ಅಪ್ಪನ ಭಯಕ್ಕೆ ಬರೋಣ. ಪಾಲು ಕೇಳುವುದು ನಿಜ. ಎಲ್ಲರೂ ಕೇಳುವುದಿಲ್ಲ, ಕೇಳುವವರು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದರಷ್ಟು ಷೇರು ಕೇಳುತ್ತಾರೆ. ಕೆಲವರು ಷೇರಿನ ಬದಲು ತಿಂಗಳ ಶುಲ್ಕ ತೆಗೆದುಕೊಳ್ಳುತ್ತಾರೆ. ಆದರೆ ಯಾವುದರಲ್ಲಿ ಪಾಲು? ಅರ್ಜಿ ಹಾಕಿದ ಕಂಪನಿಯಲ್ಲಿ. ಏಕಮಾಲೀಕರ ಅಂಗಡಿಯಲ್ಲಿ ಷೇರು ಎಂಬುದೇ ಇಲ್ಲ, ಕೊಡಲಿಕ್ಕೂ ಬರುವುದಿಲ್ಲ. ಆದ್ದರಿಂದ ನಾಲ್ಕು ತಿಂಗಳು ನಿಲ್ಲುವ ಚಟ್ನಿಗೆಂದೇ ಬೇರೆ ಕಂಪನಿ ಮಾಡಿ. ಆ ಕಂಪನಿ ಅಪ್ಪನ ಅಂಗಡಿಯಿಂದ ಹುರಿದ ಶೇಂಗಾ, ಖಾರದ ಪುಡಿ ಕೊಳ್ಳಲಿ, ಪೇಟೆ ದರಕ್ಕೆ, ಬಿಲ್ ಹಾಕಿಸಿ. ಮಗಳ ಕಂಪನಿ ಎಂದು ಅಪ್ಪ ಬಿಲ್ಲಿಲ್ಲದೆ ಒಂದು ಚೀಲ ಕಳಿಸಿದರೂ ಲೆಕ್ಕ ಎರಡೂ ಕಡೆ ಕೆಡುತ್ತದೆ. ಹೊಸದು ಮುಳುಗಿದರೆ ಹೊಸದೊಂದೇ ಮುಳುಗುತ್ತದೆ. ಕರಾರಿನಲ್ಲಿ ಅಪ್ಪನ ವೈಯಕ್ತಿಕ ಜಾಮೀನು ಎಂಬ ಸಾಲು ಎಲ್ಲಾದರೂ ಇದ್ದರೆ ಅಲ್ಲಿ ಬೆರಳಿಟ್ಟು ಕೇಳಿ. ನುಂಗುವ ಬಾಯಿ ಇದ್ದರೆ ಅದು ಅಲ್ಲಿರುತ್ತದೆ.

ಕಂಪನಿಯನ್ನು ಈಗಲೇ ನೋಂದಾಯಿಸಬೇಡಿ. 2021ರ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆಯಲ್ಲಿ ಪ್ರಯೋಗ, ಮಾದರಿ, ಪರೀಕ್ಷೆಗಳಿಗೆ 20 ಲಕ್ಷದವರೆಗೆ ಅನುದಾನ ಇಟ್ಟರು, ಆದರೆ ಅರ್ಜಿಯ ಹೊತ್ತಿಗೆ ಕಂಪನಿಗೆ ಎರಡು ವರ್ಷ ದಾಟಿರಬಾರದು ಎಂಬ ಷರತ್ತಿನೊಂದಿಗೆ. ಮುಹೂರ್ತ ಚೆನ್ನಾಗಿದೆ ಎಂದು ಅಕ್ಷಯ ತದಿಗೆಗೆ ನೋಂದಾಯಿಸಿ, ಒಂದೂವರೆ ವರ್ಷ ಪೌಚ್ ಹುಡುಕುತ್ತ ಕಳೆದು, ಅರ್ಜಿ ಹಾಕುವಷ್ಟರಲ್ಲಿ ಅವಧಿ ಮುಗಿಸಿಕೊಂಡ ಹಾವೇರಿ ಕಡೆಯ ಹುಡುಗನೊಬ್ಬ ನನ್ನ ಮುಂದೆ ಕೂತು ಅತ್ತಿದ್ದಾನೆ. ಆ ದುಡ್ಡಿನಲ್ಲಿ ಕಟ್ಟಡ ಕಟ್ಟುವಂತೆಯೂ ಇರಲಿಲ್ಲ, ಹಂತ ಹಂತವಾಗಿ, ಹೇಳಿದ ಕೆಲಸ ಮುಗಿಸಿದ ಮೇಲೆ ಕಂತು. ಕಂಪನಿಯಾದ ಮೇಲೆ ವ್ಯಾಪಾರ ಸೊನ್ನೆ ಇದ್ದರೂ ಪ್ರತಿ ವರ್ಷ ಲೆಕ್ಕಪರಿಶೋಧನೆ ಕಡ್ಡಾಯ, ಅದರ ಶುಲ್ಕ ತಪ್ಪದು. ಮೊದಲು ಪ್ರಯೋಗ, ಆಮೇಲೆ ಕಂಪನಿ.

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರ್ ಬೇಕು. ಎರಡನೆಯವರು ಯಾರು? ಕಾಕಾ ಅಥವಾ ಅವರ ಮಕ್ಕಳಲ್ಲಿ ಒಬ್ಬರು. ನಿಮ್ಮ ಮೂರನೇ ಪ್ರಶ್ನೆಗೆ ಪೂರ್ತಿ ಉತ್ತರ ಇದು. ಹಳೆಯ ಅಂಗಡಿಯ ಮಟ್ಟಿಗೆ ಅಪ್ಪ-ಕಾಕಾ ಇಬ್ಬರೂ ಒಪ್ಪಿದರೆ ಪಾಲುದಾರಿಕೆ ಪತ್ರ ಬರೆಸಿ, ನೋಂದಣಿಯನ್ನೂ ಮಾಡಿಸಿ. ಬಾಯಿಮಾತಿನ ಪಾಲುದಾರಿಕೆಗೂ 1932ರ ಕಾಯ್ದೆಯಲ್ಲಿ ಬೆಲೆ ಇದೆ, ಆದರೆ ನೋಂದಣಿ ಇಲ್ಲದಿದ್ದರೆ ಬಾಕಿ ವಸೂಲಿಗೆ ಸಂಸ್ಥೆಯ ಹೆಸರಿನಲ್ಲಿ ದಾವೆ ಹೂಡಲು ಬರುವುದಿಲ್ಲ. ಪಾಲುದಾರಿಕೆಯಾದರೆ ಹೊಸ ಪ್ಯಾನ್, ಹೊಸ ಜಿಎಸ್‌ಟಿ ಸಂಖ್ಯೆ ಬರುತ್ತದೆ, ಆದ್ದರಿಂದ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದರೆ ಲೆಕ್ಕ ಸಲೀಸು. ನಿಮ್ಮ ಸಂಬಳ ಎಷ್ಟು, ನಾಳೆ ನೀವು ಮದುವೆಯಾಗಿ ಬೇರೆ ಊರಿಗೆ ಹೋದರೆ ನಿಮ್ಮ ಷೇರು ಏನಾಗುತ್ತದೆ ಎಂಬುದನ್ನೂ ಬರೆಯಿರಿ. ಈ ಮಾತನ್ನು ಮನೆಯಲ್ಲಿ ಎಲ್ಲರೂ ಯೋಚಿಸುತ್ತಿರುತ್ತಾರೆ, ಯಾರೂ ಆಡಿರುವುದಿಲ್ಲ. ನೀವೇ ಆಡಿ. ಮದುವೆಯಾದ ಮಾತ್ರಕ್ಕೆ ಷೇರು ಬಿಟ್ಟುಕೊಡಬೇಕೆಂಬ ಕಾನೂನು ಇಲ್ಲ.

ಹೆಸರಿನ ವಿಷಯವನ್ನು ಕಡೆಗಣಿಸಬೇಡಿ. ಪಾಕೀಟಿನ ಮೇಲೆ ಅಜ್ಜನ ಹೆಸರಿರಬೇಕು, ಎಷ್ಟೋ ಅಂಗಡಿಗಳಲ್ಲಿ ಹಾಗೇ ಇರುತ್ತದೆ. ಅದು ಯಾರದು? ಟ್ರೇಡ್‌ಮಾರ್ಕ್ ಆಗಿರದಿದ್ದರೆ ನಾಳೆ ದಾವಣಗೆರೆಯಲ್ಲಿರುವ ನೆಂಟನೊಬ್ಬ ಅದೇ ಹೆಸರಿನಲ್ಲಿ ಬೇರೆ ಚಟ್ನಿ ತರಬಹುದು. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳಿಗೆ, ಉದ್ಯಮ್ ಇರುವ ಸಣ್ಣ ಘಟಕಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಹೆಸರು ಹಳೆಯ ಅಂಗಡಿಯದೇ ಆಗಿರಲಿ, ಹೊಸ ಕಂಪನಿ ಅದನ್ನು ಕರಾರಿನ ಮೇಲೆ ಬಳಸಲಿ. ಆಗ ಹೊಸ ಕಂಪನಿಯ ಷೇರು ಯಾರ ಕೈಗೆ ಹೋದರೂ ಅಜ್ಜನ ಹೆಸರು ಮನೆಯಲ್ಲೇ ಉಳಿಯುತ್ತದೆ. ಅಪ್ಪನಿಗೆ ಈ ಒಂದು ಮಾತು ಸರಿಯಾಗಿ ತಿಳಿಸಿದರೆ ಅರ್ಧ ಭಯ ಇಳಿದೀತು. ಜೊತೆಗೆ ಇದನ್ನೂ ನೋಡಿ: ಖಾರದ ಪುಡಿಯ ಮೇಲೆ "ಬ್ಯಾಡಗಿ" ಎಂದು ಹಾಕುತ್ತಿದ್ದರೆ ಒಳಗೆ ಬ್ಯಾಡಗಿ ಮೆಣಸಿನಕಾಯಿಯೇ ಇರಬೇಕು. ಧಾರವಾಡ ಪೇಢೆಯಂತೆ ಅದಕ್ಕೂ ಭೌಗೋಳಿಕ ಗುರುತು ಇದೆ. ಆ ಹೆಸರು ಯಾವ ಒಂದು ಮನೆಯದೂ ಅಲ್ಲ.

ಇನ್‌ಕ್ಯುಬೇಟರ್ ನಡೆಸುವವರಿಗೂ ಹೇಳುವುದಿದೆ, ಅವರೂ ಓದುತ್ತಾರೆಂದು ಇಲ್ಲಿ ಹಾಕುತ್ತೇನೆ. ಒಂದು ಆಯ್ಕೆ ಸಮಿತಿಯಲ್ಲಿ ನನ್ನ ಜೊತೆ ಕೂತಿದ್ದವರು, ನೇಕಾರರ ಮನೆಯ ಹುಡುಗನೊಬ್ಬನಿಗೆ ಇಂಗ್ಲಿಷಿನಲ್ಲಿ "ನಿನ್ನ ಮಾರುಕಟ್ಟೆ ಎಷ್ಟು ಡಾಲರಿನದು?" ಎಂದು ಕೇಳಿದರು. ಅವನು ಮೂರು ಮಗ್ಗದ ಮಾಲು ಯಾವ ಯಾವ ಊರಿನ ಯಾವ ಅಂಗಡಿಗೆ ಹೋಗುತ್ತದೆ ಎಂದು ಬಾಯಿಪಾಠ ಹೇಳಬಲ್ಲವನಿದ್ದ. ಯಾರೂ ಕೇಳಲಿಲ್ಲ. ಏಳು ನಿಮಿಷದಲ್ಲಿ ಕಳಿಸಿದರು. ಅವತ್ತು ನಾನೂ ಸುಮ್ಮನೆ ಕೂತಿದ್ದೆ, ಅದು ನನ್ನ ತಪ್ಪು. ಇನ್ನು ಕಾರ್ಯಕ್ರಮದ ವೇಳೆ. ಮೆಣಸಿನಕಾಯಿ ಸುಗ್ಗಿಯ ಜನವರಿ-ಫೆಬ್ರುವರಿಯಲ್ಲಿ, ಅದೂ ಬ್ಯಾಡಗಿಯಲ್ಲಿ ಟೆಂಡರ್ ಇರುವ ದಿನವೇ, ಬೆಳಿಗ್ಗೆ ಹತ್ತಕ್ಕೆ ಹಾಜರಿ ಕಡ್ಡಾಯ ಎಂದರೆ ಖಾರದ ವ್ಯಾಪಾರದ ಮನೆಯಿಂದ ಯಾರು ಬರುತ್ತಾರೆ? ಒಬ್ಬಂಟಿ ಸ್ಥಾಪಕನಿಗೆ ಮಾಡಿದ ವೇಳಾಪಟ್ಟಿ ಅದು. ಮನೆ ಉದ್ಯಮದಲ್ಲಿ ನಿರ್ಧಾರ ಮಾಡುವವರು ನಾಲ್ವರು, ಅವರಲ್ಲಿ ಮೂವರು ಸಭೆಗೆ ಬಂದಿರುವುದಿಲ್ಲ. ಮಾರ್ಗದರ್ಶಕರು ತಿಂಗಳಿಗೊಮ್ಮೆ ಅವರ ಅಂಗಡಿಗೇ ಹೋಗಿ ಗಲ್ಲೆಯ ಪಕ್ಕ ಕೂತರೆ ಕಾರ್ಯಕ್ರಮಕ್ಕೆ ಏನೂ ಹೆಚ್ಚು ಖರ್ಚಾಗುವುದಿಲ್ಲ, ಒಂದು ಕಪ್ ಚಹಾ ಸಿಗುತ್ತದೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಊರೊಳಗೆ ಕೂತು. ಊರನ್ನು ಕಚೇರಿಗೆ ಕರೆಸಿ ಕಟ್ಟಿದ್ದಲ್ಲ.

ಹಾಗಾದರೆ ನೀವು ಮಾಡಬೇಕಾದದ್ದು: ಈ ವಾರ ಕಾಕಾ ಅವರ ಜೊತೆ ಮಾತು. ಎರಡು ತಿಂಗಳು ಗಲ್ಲೆಯ ಕಾಗದ ಮತ್ತು ಚಿಗವ್ವನ ನೋಟ್‌ಬುಕ್. ಆಮೇಲೆ ಧಾರವಾಡಕ್ಕೆ ಹೋಗಿ. ಅಪ್ಪನನ್ನು ಕರೆದುಕೊಂಡು ಹೋಗಲೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಕರೆದುಕೊಂಡು ಹೋಗಿ. ಅಪ್ಪ, ಕಾಕಾ ಇಬ್ಬರನ್ನೂ. ಹೋಗುವಾಗ ನಾಲ್ಕು ಪಾಕೀಟು ಒಯ್ಯಿರಿ: ನಿನ್ನೆ ತುಂಬಿದ್ದು, ಹದಿನೈದು ದಿನದ್ದು, ಒಂದು ತಿಂಗಳದ್ದು, ನಲವತ್ತೈದು ದಿನದ್ದು. ಮೇಲೆ ತಾರೀಖು ಬರೆದಿರಲಿ. ಮೇಜಿನ ಮೇಲೆ ಸಾಲಾಗಿ ಇಟ್ಟು, ಜೋಳದ ರೊಟ್ಟಿ ಮುರಿದು ಇನ್‌ಕ್ಯುಬೇಟರಿನವರ ಕೈಗೆ ಕೊಟ್ಟು, ನಾಲ್ಕನ್ನೂ ಒಂದಾದ ಮೇಲೊಂದು ತಿನ್ನಲು ಹೇಳಿ. ನಾಲ್ಕನೆಯದಕ್ಕೆ ಅವರು ಮುಖ ಕಿವುಚಿದಾಗ ನಿಮ್ಮ ಅರ್ಜಿ ಮುಂದಿಡಿ.